ಮೊದಲು ಕೂಡಿ, ಆಮೇಲೆ ಮುಚ್ಚಿ

ಪುಟ್ಟಮ್ಮಣ್ಣಿ ಸಿಸ್ಟರ್ ಅವರ ಕೊಡೆಯೊಳಗೆ ಸದಾ ಒಂದು ಅಡಿ ಉದ್ದದ ಮರದ ಸ್ಕೇಲು ಇರುತ್ತಿತ್ತು. ಕೊಡೆ ಮಡಚಿ, ಕಡ್ಡಿಗಳ ನಡುವೆ ಸ್ಕೇಲು ತೂರಿಸಿ, ಪಟ್ಟಿ ಬಿಗಿದು ಕಂಕುಳಲ್ಲಿ ಇರುಕಿಕೊಂಡು ಅವರು ಹುಲ್ಲಹಳ್ಳಿ ಬಸ್ಸಿನಿಂದ ಇಳಿದು ಬರುತ್ತಿದ್ದರು. ಮಳೆ ಬಂದರೆ ಮೊದಲು ಸ್ಕೇಲನ್ನು ಹೊರತೆಗೆದು ಬ್ಯಾಗಿಗೆ ಹಾಕಿಕೊಳ್ಳಬೇಕು, ಆಮೇಲೆ ಕೊಡೆ ಬಿಚ್ಚಬೇಕು. ಅಷ್ಟರೊಳಗೆ ಅರ್ಧ ನೆನೆದಿರುತ್ತಿದ್ದರು. ಆದರೂ ಆ ಕ್ರಮವನ್ನು ಅವರು ಒಮ್ಮೆಯೂ ತಪ್ಪಿಸಿದ್ದನ್ನು ನಾನು ಕಾಣಲಿಲ್ಲ. ಆ ಸ್ಕೇಲಿನಿಂದಲೇ ಅವರು ಮನೆಗಳ ಬಾಗಿಲು ತಟ್ಟುತ್ತಿದ್ದರು, ಬೀದಿನಾಯಿಗಳನ್ನು ಗದರಿಸುತ್ತಿದ್ದರು. ತಿಂಗಳ ಕೊನೆಯ ಗುರುವಾರ, ಲಸಿಕೆ ಹಾಕಿ ಮುಗಿದ ಮೇಲೆ, ಆರೋಗ್ಯ ಕೇಂದ್ರದ ಗೋಡೆಯ ಚಾರ್ಟಿನ ಮೇಲೆ ಅದೇ ಸ್ಕೇಲು ಇಟ್ಟು ಎರಡು ಗೆರೆ ಎಳೆಯುತ್ತಿದ್ದರು.

ಆ ಚಾರ್ಟನ್ನು ಓದುವುದು ಬಹಳ ಸುಲಭ. ಮಗುವಿಗೆ ಒಂದೂವರೆ ತಿಂಗಳಾದಾಗ ಹಾಕುವ ಮೊದಲ ಲಸಿಕೆಗೆ ನೀಲಿ ಗೆರೆ. ಒಂಬತ್ತು ತಿಂಗಳು ತುಂಬಿದಾಗ ಹಾಕುವ ದಡಾರದ ಲಸಿಕೆಗೆ ಕೆಂಪು ಗೆರೆ. ಆಯಾ ತಿಂಗಳ ಲೆಕ್ಕವನ್ನು ಹಿಂದಿನ ಎಲ್ಲ ತಿಂಗಳುಗಳ ಮೊತ್ತಕ್ಕೆ ಕೂಡಿಸಿ ಚುಕ್ಕೆ ಇಡಬೇಕು. ಆದ್ದರಿಂದ ಗೆರೆ ಏರಬಹುದು, ಹೆಚ್ಚೆಂದರೆ ಮಟ್ಟಸವಾಗಿ ನಿಲ್ಲಬಹುದು, ಇಳಿಯುವ ಪ್ರಶ್ನೆಯೇ ಇಲ್ಲ. ನೀಲಿಗೂ ಕೆಂಪಿಗೂ ನಡುವೆ ಉಳಿಯುವ ಸಂದು ಇದೆಯಲ್ಲ, ಅದರಲ್ಲಿ ಇರುವವರು ಮೊದಲು ಬಂದು ಆಮೇಲೆ ಬಾರದೆ ಹೋದ ಮಕ್ಕಳು. ಸಿಸ್ಟರ್ ಅವರ ಮೂವತ್ತು ವರ್ಷಗಳ ಕೆಲಸವೆಲ್ಲ ಆ ಸಂದನ್ನು ಕಿರಿದುಮಾಡುವುದೇ ಆಗಿತ್ತು.

ನಾನು ಆ ಕೇಂದ್ರಕ್ಕೆ ಹೋದದ್ದು ಅವರ ಗೋಡೆಯ ಚಾರ್ಟನ್ನು ಇಳಿಸುವುದಕ್ಕೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ವೇದಿಕೆಯ ಮೇಲೆ ಬೆಳೆದವನು ನಾನು. ಅಂಕಿಅಂಶಗಳು ಎಲ್ಲರ ಕಣ್ಣಿಗೆ ಬಿದ್ದರೆ ಆಡಳಿತ ತಾನಾಗಿ ತಿದ್ದಿಕೊಳ್ಳುತ್ತದೆ ಎಂಬ ವಿಷಯದ ಪರವಾಗಿ ಮಾತನಾಡಿ ಎರಡು ಬಾರಿ ಬಹುಮಾನ ಪಡೆದಿದ್ದೆ. ಆ ನಂಬಿಕೆಯಿಂದಲೇ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆಗೆ ಸೇರಿದೆ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಕೆಲವು ಊರುಗಳ ಲಸಿಕೆಯ ದಾಖಲೆಗಳನ್ನು ಕಂಪ್ಯೂಟರಿಗೆ ತಂದು, ಊರು, ತಿಂಗಳು, ತಾಲ್ಲೂಕು ಎಂದು ಬೇಕಾದ ಫಿಲ್ಟರ್ ಒತ್ತಿದರೆ ಬೇಕಾದ ಚಾರ್ಟು ಪರದೆಯ ಮೇಲೆ ಮೂಡುವಂತೆ ಮಾಡುವುದು ನನಗೆ ವಹಿಸಿದ ಕೆಲಸ. ಇಂದಿಗೂ ನಾನು ಆ ವಿಷಯದ ಪರವೇ. ಆದರೆ ಅಂದು ಮಾಡಿದ ಭಾಷಣವನ್ನು ಇಂದು ಮಾಡಲಾರೆ.

ಮೊದಲ ದಿನ ಲ್ಯಾಪ್‌ಟಾಪನ್ನು ಲಸಿಕೆ ಕೋಣೆಯ ಮೇಜಿನ ಮೇಲಿಟ್ಟು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಫಿಲ್ಟರ್ ಹಾಕಿ, ಚಾರ್ಟು ತೋರಿಸಿದೆ. ಸಿಸ್ಟರ್ ಕನ್ನಡಕ ಏರಿಸಿ ಪರದೆ ನೋಡಿದರು, ಗೋಡೆ ನೋಡಿದರು, ಮತ್ತೆ ಪರದೆ ನೋಡಿದರು.

"ಏಪ್ರಿಲ್‌ನಿಂದ ಸೆಪ್ಟೆಂಬರ್‌ಗಂಟ ನಾವು ಚುಚ್ಚಿದ ಮಕ್ಳೆಲ್ಲಾ ಎಲ್ಲೋದ್ರಪ್ಪಾ?"

"ಎಲ್ಲೂ ಹೋಗಿಲ್ಲ ಸಿಸ್ಟರ್. ಇದು ಫಿಲ್ಟರ್. ನಮಗೆ ಬೇಕಾದ ಮೂರು ತಿಂಗಳನ್ನು ಮಾತ್ರ ತೋರಿಸುತ್ತದೆ."

"ಮೂರೇ ತೋರ್ಸ್ಲಿ, ಬೇಡ ಅಂದೋರ್ಯಾರು? ಅಕ್ಟೋಬರ್ ಯಾಕೆ ನೆಲದಿಂದ ಎದ್ದದೆ?"

ಹಿಂದಿನ ತಿಂಗಳುಗಳು ಫಿಲ್ಟರಿನ ಹೊರಗೆ ಉಳಿದದ್ದರಿಂದ ಅವು ಲೆಕ್ಕಕ್ಕೆ ಸಿಗುವುದಿಲ್ಲ, ಕೂಡಿಕೆ ಅಕ್ಟೋಬರಿನಲ್ಲಿ ಸೊನ್ನೆಯಿಂದ ಆರಂಭವಾಗುತ್ತದೆ ಎಂದು ವಿವರಿಸಿದೆ. ವಿವರಣೆ ತರ್ಕಬದ್ಧವಾಗಿಯೇ ಇತ್ತು. ಸಿಸ್ಟರ್ ಔಷಧಿ ಬಂದ ಪೆಟ್ಟಿಗೆಯ ಒಂದು ರಟ್ಟು ಕಿತ್ತು, ಎದ್ದು ಹೋಗಿ, ಗೋಡೆಯ ಚಾರ್ಟಿನ ಎಡಭಾಗದ ಆರು ತಿಂಗಳುಗಳ ಮೇಲೆ ಅದನ್ನು ಒತ್ತಿ ಹಿಡಿದರು.

"ಈಗ ಹಿಂದಿನ ತಿಂಗಳು ಕಾಣ್ತದಾ?"

"ಇಲ್ಲ."

"ಅಕ್ಟೋಬರ್ ಎಲ್ಲಿಂದ ಶುರುವಾಯ್ತು?"

"ಇದ್ದ ಎತ್ತರದಿಂದಲೇ."

"ಅಷ್ಟೇ ಕಣ್ರೀ. ಮೊದ್ಲು ಕೂಡಿ, ಆಮೇಲೆ ಮುಚ್ಚಿ. ನೀವು ಮೊದ್ಲೇ ಮುಚ್ಚಿಟ್ಟು ಆಮೇಲೆ ಕೂಡಕ್ಕೆ ಕೂತಿದೀರಿ, ಚಾರ್ಟಪ್ನೋರೇ."

ಆ ಹೆಸರು ನನಗೆ ಅಂಟಿಕೊಂಡಿತು. ಕೇಂದ್ರದಲ್ಲಿ ಕಸ ಗುಡಿಸುವ ಆಯಾ ಕೂಡ ಅದೇ ಹೆಸರಿನಿಂದ ಕರೆದು ಟೀ ಕೊಡತೊಡಗಿದಳು. ಸಿಸ್ಟರ್ ರಟ್ಟಿನಿಂದ ಅರ್ಧ ನಿಮಿಷದಲ್ಲಿ ತೋರಿಸಿದ್ದನ್ನು ಸಾಫ್ಟ್‌ವೇರಿನಲ್ಲಿ ಮಾಡಲು ನನಗೆ ಎರಡು ದಿನ ಹಿಡಿಯಿತು. ಮೊದಲು ಎಲ್ಲ ತಿಂಗಳುಗಳ ಮೊತ್ತವನ್ನು ಕಟ್ಟಿಕೊಂಡು, ಆ ಮೊತ್ತದ ಮೇಲೆ ಫಿಲ್ಟರ್ ಬೀಳುವಂತೆ ಕ್ರಮವನ್ನು ತಿರುಗಿಸಬೇಕಿತ್ತು. ತಿರುಗಿಸಿ ತಂದು ತೋರಿಸಿದಾಗ ಅವರು, "ಹೂಂ, ಈಗ ಬುಡ ಬಂತು" ಎಂದರು. ಗೋಡೆಯ ಚಾರ್ಟನ್ನು ಇಳಿಸುವ ಮಾತನ್ನು ನಾನು ಎತ್ತಲಿಲ್ಲ.

ಅವರದೊಂದು ಅಭ್ಯಾಸ ಮಾತ್ರ ನನಗೆ ಮೊದಲಿನಿಂದಲೂ ಸರಿಬರಲಿಲ್ಲ. ಸುತ್ತಲಿನ ಯಾವ ಊರಿನಿಂದ ಗರ್ಭಿಣಿ ಬಂದರೂ ಹೆಸರು ಕೇಳುವುದಕ್ಕೆ ಮುಂಚೆ ಅವರು ಕೇಳುತ್ತಿದ್ದದ್ದು, "ತವರು ಯಾವೂರವ್ವಾ?" ಊರು ಹೇಳಿದರೆ ಸಾಲದು, ಯಾವ ಬೀದಿ, ಯಾರ ಮನೆ, ಯಾರ ಮಗಳು ಎಂದು ಕೆದಕುತ್ತಿದ್ದರು. ಬೀದಿ ಕೇಳುವವರು ಏನನ್ನು ತಿಳಿಯಲು ಕೇಳುತ್ತಾರೆ ಎಂಬುದು ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಒಂದು ದಿನ ನಾನು ತಡೆಯಲಾರದೆ, ಆರೋಗ್ಯ ಕೇಂದ್ರದಲ್ಲಿ ಜಾತಿಯ ವಾಸನೆ ಬರುವ ಪ್ರಶ್ನೆ ಏಕೆ ಇರಬೇಕು, ರೋಗಕ್ಕೆ ಕೇರಿಯ ಭೇದವುಂಟೇ ಎಂದು ಅವರೆದುರು ಐದು ನಿಮಿಷ ಮಾತನಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಚೆನ್ನಾಗಿ ಮಾತಾಡ್ತೀರಿ. ಕಪ್ಪು ಕೊಡ್ಬೇಕು ನಿಮಗೆ," ಎಂದರು. "ಜಾತಿ ಕಟ್ಕಂಡು ನನಗೇನಾಗ್ಬೇಕಪ್ಪಾ? ಯಾವ ಬಸ್ಸು ಹತ್ಬೇಕು ಅಂತ ಗೊತ್ತಾಗ್ಬೇಕು, ಅಷ್ಟೇಯ."

ಅದು ಜಾರಿಕೊಳ್ಳುವ ಉತ್ತರ ಎಂದುಕೊಂಡೆ. ವಾದದಲ್ಲಿ ಗೆದ್ದೆ ಎಂದೂ ಅಂದುಕೊಂಡೆ. ಅವರು ಮಾತ್ರ ತಮ್ಮ ರಿಜಿಸ್ಟರಿನ ಅಂಚಿನಲ್ಲಿ ತವರಿನ ಊರು, ಬೀದಿ, ಗಂಡನ ಊರು ಇವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವುದನ್ನು ಬಿಡಲಿಲ್ಲ. ಆ ಅಂಚಿನ ಬರಹಕ್ಕೆ ನಮ್ಮ ಸಾಫ್ಟ್‌ವೇರಿನಲ್ಲಿ ಕಾಲಂ ಇರಲಿಲ್ಲವಾದ್ದರಿಂದ ನಾನು ಅದನ್ನು ಕಂಪ್ಯೂಟರಿಗೆ ಏರಿಸಲೂ ಇಲ್ಲ.

ಆ ವರ್ಷದ ಕೊನೆಯ ಪರಿಶೀಲನಾ ಸಭೆ ಒಂದು ಮಂಗಳವಾರ ನಡೆಯಿತು. ಕೇಂದ್ರದ ವ್ಯಾಪ್ತಿಯ ಒಂದು ಊರಿನಲ್ಲಿ ಭಾಗ್ಯ ಎಂಬ ಗುತ್ತಿಗೆಯ ನರ್ಸು ಇದ್ದಳು. ವರ್ಷಕ್ಕೊಮ್ಮೆ ಅವಳ ಗುತ್ತಿಗೆ ಮುಂದುವರಿಯಬೇಕು. ಅದಕ್ಕೆ ಅವಳ ಊರಿನ ಚಾರ್ಟು ಆಧಾರ. ಮೊದಲ ಲಸಿಕೆ ಅಲ್ಲಿ ಹಾಕಿಸಿಕೊಂಡು ಈಗ ಒಂಬತ್ತು ತಿಂಗಳು ದಾಟಿರುವ ಮಕ್ಕಳನ್ನು ಆರಿಸಿ, ತಾಲ್ಲೂಕಿನ ಫಿಲ್ಟರಿನಲ್ಲಿ ನಂಜನಗೂಡು ಎಂದು ಒತ್ತಿ, ಚಾರ್ಟನ್ನು ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸಿದೆ. ಈ ಬಾರಿ ಕೂಡಿ ಆಮೇಲೆ ಮುಚ್ಚಿದ್ದೆ, ಬುಡ ಸರಿಯಾಗಿತ್ತು. ನೀಲಿ ಗೆರೆ ನಿಲ್ಲಬೇಕಾದ ಎತ್ತರದಲ್ಲಿ ನಿಂತಿತು. ಕೆಂಪು ಗೆರೆ ಹದಿಮೂರು ಮಕ್ಕಳಷ್ಟು ಕೆಳಗೇ ಉಳಿಯಿತು.

ನಾನು ಮಾತನಾಡಿದೆ. ಹದಿಮೂರು ಎಂಬುದು ಅಂಕಿಯಲ್ಲ, ಹದಿಮೂರು ತೊಟ್ಟಿಲು ಎಂದೆ. ಕರುಣೆಯ ಹೆಸರಿನಲ್ಲಿ ಹೊಣೆಯನ್ನು ಸಡಿಲಿಸಬಾರದು ಎಂದೆ. ಅವಳ ಗುತ್ತಿಗೆಯನ್ನು ತಡೆಹಿಡಿಯಬೇಕೆಂಬ ಶಿಫಾರಸನ್ನು ನಾನೇ ಬರೆದು ತಂದಿದ್ದೆ.

ಭಾಗ್ಯ ಎದ್ದು ನಿಂತಳು. "ಬಂದ ಮಕ್ಳಿಗೆಲ್ಲಾ ಹಾಕಿದೀನಿ ಸಾರ್. ಒಂದೂ ವಾಪಸ್ ಕಳ್ಸಿಲ್ಲ." ಅಷ್ಟು ಹೇಳಿ ಕುಳಿತಳು. ಅದಕ್ಕಿಂತ ಹೆಚ್ಚು ಹೇಳುವುದು ಅವಳಿಗೆ ತಿಳಿದಿರಲಿಲ್ಲ, ಮತ್ತು ಆ ಅಸಹಾಯಕತೆಯನ್ನು ನಾನು ಅಂದು ತಪ್ಪೊಪ್ಪಿಗೆಯೆಂದು ಓದಿಕೊಂಡೆ. ವೈದ್ಯಾಧಿಕಾರಿಗಳು ನಿಧಾನಸ್ಥರು. "ಸೋಮವಾರ ಕಾಗದ ಕಳಿಸುತ್ತೇನೆ. ಅಷ್ಟರಲ್ಲಿ ಇನ್ನೊಮ್ಮೆ ನೋಡಿಬಿಡಿ," ಎಂದು ಎದ್ದರು.

ಎಲ್ಲರೂ ಹೋದ ಮೇಲೆ ಸಿಸ್ಟರ್ ತಮ್ಮ ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.

"ಆ ಹದಿಮೂರರ ಹೆಸರು ತೆಗೀರಿ, ಚಾರ್ಟಪ್ನೋರೇ."

ಪಟ್ಟಿ ತೆಗೆದು ಒಂದೊಂದಾಗಿ ಓದಿದೆ. ಅವರು ರಿಜಿಸ್ಟರು ತೆರೆದು, ಪ್ರತಿ ಹೆಸರಿನ ಪಕ್ಕದ ಪೆನ್ಸಿಲ್ ಬರಹದ ಕೆಳಗೆ ಸ್ಕೇಲಿನ ಅಂಚು ಇಡುತ್ತ ಹೋದರು. "ಚೊಚ್ಚಲು," ಎಂದರು. ಎರಡನೆಯದಕ್ಕೂ "ಚೊಚ್ಚಲು." ಮೂರಕ್ಕೂ, ನಾಲ್ಕಕ್ಕೂ ಅದೇ ಮಾತು. ಹದಿಮೂರು ಮುಗಿಯುವ ಹೊತ್ತಿಗೆ ನನ್ನ ದನಿ ತಗ್ಗಿತ್ತು.

"ಚೊಚ್ಚಲ ಹೆರಿಗೆ ಎಲ್ಲಿ ಮಾಡ್ತಾರೆ?" ಎಂದು ಕೇಳಿದರು.

"ತವರಿನಲ್ಲಿ."

"ಬಾಣಂತನ ಎಷ್ಟು ದಿವ್ಸ?"

"ಮೂರು ತಿಂಗಳು. ಐದು ತಿಂಗಳು."

"ಅಲ್ಲಿಗೆ ಮೊದಲ್ನೇ ಸೂಜಿ ತವರಲ್ಲಿ ಆಯ್ತು. ಆಮೇಲೆ ಮಡಿಲು ತುಂಬಿ ಮಗೂನ ಗಂಡನ ಮನೇಗೆ ಕಳ್ಸಿದ್ರು. ಒಂಬತ್ತನೇ ತಿಂಗಳ ಸೂಜಿ ಎಲ್ಲಿ ಬಿತ್ತು? ಇವರೆಲ್ಲಾ ನರಸೀಪುರದ ಕಡೆಗೆ ಕೊಟ್ಟ ಹೆಣ್ಮಕ್ಳು ಕಣಪ್ಪಾ. ನಾನೂ ಆ ಕಡೆಯಿಂದ ಈ ಕಡೆಗೆ ಬಂದವಳೇ. ನಿಮ್ಮ ಫಿಲ್ಟರ್‌ಗೆ ಅಕ್ಕತಂಗೀರು ಯಾರೂ ಇಲ್ವಾ?"

ನನಗೆ ಇಬ್ಬರು ಅಕ್ಕಂದಿರು. ಇಬ್ಬರ ಬಾಣಂತನವೂ ನಮ್ಮ ಮನೆಯಲ್ಲಿಯೇ ಆಗಿತ್ತು. ತೊಟ್ಟಿಲ ಹಗ್ಗವನ್ನು ನಾನೇ ಬಿಗಿದಿದ್ದೆ. ತಿಳಿಯದೆ ಮಾಡಿದ ತಪ್ಪಿಗಿಂತ, ತಿಳಿದದ್ದನ್ನು ಮೇಜಿನ ಬಳಿಗೆ ತಾರದೆ ಮಾಡಿದ ತಪ್ಪು ಹೆಚ್ಚು ನಾಚಿಸುತ್ತದೆ.

ಮಗುವನ್ನು ಆರಿಸುವುದಕ್ಕೆ ಮಾತ್ರ ಊರಿನ ಫಿಲ್ಟರ್ ಉಳಿಸಿಕೊಂಡು, ತಾಲ್ಲೂಕಿನದನ್ನು ತೆಗೆದುಹಾಕಿದೆ. ಮೊದಲ ಲಸಿಕೆ ಭಾಗ್ಯಳ ಕೈಯಲ್ಲಿ ಬಿದ್ದ ಮಗು, ಮುಂದಿನದನ್ನು ಎಲ್ಲಿಯೇ ಹಾಕಿಸಿಕೊಂಡಿರಲಿ, ತಾಯಿ-ಮಗುವಿನ ಕಾರ್ಡಿನ ಸಂಖ್ಯೆ ಹಿಡಿದು ಅದನ್ನು ಮೊತ್ತಕ್ಕೆ ಸೇರಿಸು ಎಂದು ಬರೆದೆ. ನರಸೀಪುರದ ದಾಖಲೆಗಳು ನನ್ನ ಬಳಿಯೇ ಇದ್ದವು. ನಾನೇ ಅವಕ್ಕೆ ಬಾಗಿಲು ಹಾಕಿದ್ದೆ. ಚಾರ್ಟು ಒಮ್ಮೆ ಅಳಿಸಿಹೋಗಿ ಮತ್ತೆ ಮೂಡಿತು. ಕೆಂಪು ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿ ನೀಲಿಯ ಹತ್ತಿರಕ್ಕೆ ಬಂದು ನಿಂತಿತು. ಹನ್ನೆರಡು ಮಕ್ಕಳು ಸಿಕ್ಕಿದ್ದರು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಎಂಬ ಮಾತನ್ನು ಭಾಷಣಗಳಲ್ಲಿ ಎಷ್ಟೋ ಸಲ ಬಳಸಿದ್ದೆ. ಅದರ ತೂಕ ಅಂದು ತಿಳಿಯಿತು.

ಮನೆಗೆ ಹೋಗದೆ ಬಾಗಿಲಲ್ಲಿಯೇ ನಿಂತು ನೋಡುತ್ತಿದ್ದ ಭಾಗ್ಯ ಆಗ ಅಳಲು ಶುರುಮಾಡಿದಳು.

"ಲೇ ಹುಡ್ಗಿ, ಸಭೇಲಿ ಅಳದೆ ಗಟ್ಟಿಗಿತ್ತಿ ಥರ ನಿಂತಿದ್ದೆ, ಈಗೇನೇ ಬಂತು ನಿನಗೆ?" ಎಂದು ಸಿಸ್ಟರ್ ಗದರಿದರು. "ಹೋಗು, ಮೂರು ಟೀ ಹೇಳು. ಚಾರ್ಟಪ್ನೋರದಕ್ಕೆ ಸಕ್ಕರೆ ಜಾಸ್ತಿ ಹಾಕಕ್ಕೆ ಹೇಳು, ಮುಖ ಬಿಳಿಚ್ಕಂಡದೆ."

ನಾನು ನಗಲು ಹೊರಟೆ. ಸಿಸ್ಟರ್ ನಗಲಿಲ್ಲ. ನೀಲಿಗೂ ಕೆಂಪಿಗೂ ನಡುವೆ ಕೂದಲೆಳೆಯಷ್ಟು ಉಳಿದಿದ್ದ ಸಂದಿನ ಮೇಲೆ ಸ್ಕೇಲಿನ ಮೂಲೆ ಇಟ್ಟಿದ್ದರು.

"ಹನ್ನೆರಡು ನಿಮ್ಮ ತಪ್ಪು. ಹದಿಮೂರನೇದು ನಮ್ದು," ಎಂದರು.

ಸವಿತ ಎಂಬ ಹೆಣ್ಣುಮಗಳ ಮಗು ಅದು. ಭಾಗ್ಯಳ ಊರು ತವರು, ಮೂಗೂರು ಗಂಡನ ಮನೆ. ಎರಡು ತಾಲ್ಲೂಕುಗಳ ದಾಖಲೆಯಲ್ಲಿ ಎಲ್ಲಿಯೂ ಆ ಮಗುವಿಗೆ ದಡಾರದ ಲಸಿಕೆ ಬಿದ್ದಿರಲಿಲ್ಲ. ಮಗುವಿಗೆ ಹನ್ನೊಂದು ತಿಂಗಳು ನಡೆಯುತ್ತಿತ್ತು. ಸುಳ್ಳಾದ ಹನ್ನೆರಡರ ಗುಂಪಿನಲ್ಲಿ ನಿಜವಾದ ಒಂದು ಮರೆಯಾಗಿತ್ತು. ಭಾಗ್ಯಳ ಮೇಲೆ ಕಾಗದ ಹೋಗಿ, ಅವಳ ಜಾಗಕ್ಕೆ ಬೇರೊಬ್ಬಳು ಬಂದು, ನಾವೆಲ್ಲ ನ್ಯಾಯವಾಯಿತೆಂದು ಸಮಾಧಾನಪಟ್ಟುಕೊಂಡಿದ್ದರೂ ಆ ಮಗು ಹಾಗೆಯೇ ಉಳಿಯುತ್ತಿತ್ತು.

ಗುರುವಾರ ಬೆಳಿಗ್ಗೆ ಹೊರಟೆವು. ನೇರವಾಗಿ ನಂಜನಗೂಡಿಗೆ ಹೋಗುವ ಬದಲು ಸಿಸ್ಟರ್ ಮೊದಲು ಸವಿತಳ ತವರಿನ ಬಾಗಿಲು ತಟ್ಟಿದರು. "ಹೆಣ್ಣು ಹೋದ್ಮೇಲೆ ತವರಲ್ಲಿ ಏನುಳಿದದೆ ಅಂತ ನೋಡ್ಬೇಕಪ್ಪಾ." ಉಳಿದಿತ್ತು. ಸವಿತಳ ತಾಯಿ ಟ್ರಂಕು ತೆಗೆದು, ಮಗುವಿನ ಹಳೆಯ ಕುಲಾವಿಗಳ ನಡುವೆ ಜೋಪಾನವಾಗಿ ಮಡಚಿಟ್ಟಿದ್ದ ತಾಯಿ-ಮಗುವಿನ ಕಾರ್ಡನ್ನು ಕೊಟ್ಟಳು. "ಕಳೆದೋದಾತು ಅಂತ ನಾನೇ ಎತ್ತಿಟ್ಟಿದ್ದೆ ಕಣ್ರವ್ವಾ," ಎಂದಳು. ಸಿಸ್ಟರ್ ಅದನ್ನು ಬ್ಯಾಗಿಗೆ ಹಾಕಿಕೊಂಡರು. ನಂಜನಗೂಡು, ಅಲ್ಲಿಂದ ನರಸೀಪುರ, ಅಲ್ಲಿಂದ ಮೂಗೂರು: ಮೂರು ಬಸ್ಸು. ದಾರಿಯುದ್ದಕ್ಕೂ ನನಗೆ ಅವರ ಹಳೆಯ ಮಾತು ಕೇಳಿಸುತ್ತಿತ್ತು. ಯಾವ ಬಸ್ಸು ಹತ್ತಬೇಕು ಎಂದು ತಿಳಿಯಲಿಕ್ಕೇ ಅವರು ತವರು ಕೇಳುತ್ತಿದ್ದದ್ದು. ಅದು ಜಾರಿಕೆಯ ಉತ್ತರವಾಗಿರಲಿಲ್ಲ, ಅಕ್ಷರಶಃ ಉತ್ತರವಾಗಿತ್ತು.

ಮೂಗೂರಿನ ಮನೆಯ ಜಗಲಿಯಲ್ಲಿ ಸವಿತಳ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಹೆಗಲ ಚೀಲ ನೋಡಿ, "ಯಾರವ್ವಾ ಇವ್ರು? ಜನಗಣತಿಯೋರಾ? ಓದ್ ತಿಂಗ್ಳು ಒಬ್ರು ಬಂದು ಎಸ್ರು ಬರ್ಕಂಡು ಓದ್ರಲ್ಲಾ!" ಎಂದರು.

"ಎಸ್ರು ಬೇಡ ಕಣಕ್ಕಾ, ಮೊಮ್ಮಗು ತೋರ್ಸು," ಎಂದು ಸಿಸ್ಟರ್ ಪಕ್ಕದಲ್ಲೇ ಕುಳಿತು ತಾವೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡರು. ಅವರ ಮಾತೂ ಅಲ್ಲಿ ಆ ಕಡೆಯ ಮಾತಾಯಿತು.

ಸವಿತ ಮಗುವನ್ನು ಎತ್ತಿಕೊಂಡು ಬಂದಳು. ಕಾರಣ ಹೊರಬರಲು ಅರ್ಧ ಬುಟ್ಟಿ ಅವರೆ ಸುಲಿಯಬೇಕಾಯಿತು. ಕಾರ್ಡು ತವರಿನಲ್ಲಿ ಉಳಿದಿತ್ತು. ಕಾರ್ಡಿಲ್ಲದೆ ಹೋದರೆ ಬಯ್ಯುತ್ತಾರೆ ಎಂದು ಯಾರೋ ನೆರೆಯವರು ಹೆದರಿಸಿದ್ದರು. ತಂದುಕೊಡಿ ಎಂದು ತವರಿಗೆ ಹೇಳಿ ಕಳಿಸಿದರೆ, ಸೊಸೆ ಏನೋ ನೆಪ ಮಾಡಿ ತವರಿನ ದಾರಿ ನೋಡುತ್ತಿದ್ದಾಳೆಂದು ಅತ್ತೆ ಅಂದುಕೊಂಡಾರು ಎಂಬ ಅಂಜಿಕೆ. "ಇವತ್ತು ನಾಳೆ ಅಂತ ಹಂಗೇ ಆಗೋಯ್ತು ಸಿಸ್ಟರ್," ಎಂದಳು.

"ಅಯ್ಯೋ ಮೂದೇವಿ," ಎಂದರು ಅತ್ತೆ, "ಒಂದು ಮಾತು ಯೋಳಿದ್ರೆ ನಾನೇ ಓಗಿ ತತ್ತಿರ್ನಿಲ್ವಾ?"

ಸಿಸ್ಟರ್ ಬ್ಯಾಗಿನಿಂದ ಕಾರ್ಡು ತೆಗೆದು ಸವಿತಳ ಕೈಗೆ ಕೊಟ್ಟರು. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ನೋಡಿದ ಬಗೆಯನ್ನು ನಾನು ಮರೆಯಲಾರೆ. ಅಂದು ಗುರುವಾರ, ಅಂಗನವಾಡಿಯಲ್ಲಿ ಲಸಿಕೆ ನಡೆದಿತ್ತು. ಅಲ್ಲಿಯ ನರ್ಸು ಕಾರ್ಡು ನೋಡಿ, ಒಂದು ಮಾತೂ ಗದರದೆ, ಮಗುವಿನ ತೋಳಿಗೆ ಸೂಜಿ ಚುಚ್ಚಿದಳು. ಮಗು ಒಂದು ಕ್ಷಣ ನಮ್ಮನ್ನೆಲ್ಲ ನಂಬಲಾರದಂತೆ ನೋಡಿ, ಆಮೇಲೆ ಊರಿಗೆಲ್ಲ ಕೇಳುವಂತೆ ಕಿರುಚಿತು. ಮಗುವಿನ ಅಳು ಕೇಳಿ ನನಗೆ ಅಷ್ಟು ನೆಮ್ಮದಿಯಾದದ್ದು ಅದೊಂದೇ ಸಲ. ಪಕ್ಕದಲ್ಲಿ ಸಿಸ್ಟರ್ ಕಣ್ಣು ಮುಚ್ಚಿ ಕೇಳುತ್ತಿದ್ದರು, ಹಾಡು ಕೇಳುವವರ ಹಾಗೆ.

ಹಿಂದಿರುಗುವಾಗ ನರಸೀಪುರದ ಬಸ್ ನಿಲ್ದಾಣದಲ್ಲಿ ಕಬ್ಬಿನ ಹಾಲು ಕುಡಿದೆವು. ನಾನು ಲ್ಯಾಪ್‌ಟಾಪು ತೆಗೆಯಹೋದೆ. "ಇರ್ಲಿ ಬಿಡಿ, ಗೆರೆ ಎಲ್ಲಿಗೆ ಓಡೋಗ್ತದೆ? ಕುಡೀರಿ ಮೊದ್ಲು," ಎಂದರು. ಸೋಮವಾರ ವೈದ್ಯಾಧಿಕಾರಿಗಳ ಎದುರು ನನ್ನ ಶಿಫಾರಸನ್ನು ನಾನೇ ಹಿಂದಕ್ಕೆ ಪಡೆದೆ. ತಪ್ಪು ಭಾಗ್ಯಳದಲ್ಲ, ನನ್ನ ಫಿಲ್ಟರಿನದು ಎಂದು ಬರವಣಿಗೆಯಲ್ಲಿ ಕೊಟ್ಟೆ. ಸೋಲನ್ನು ಒಪ್ಪಿಕೊಳ್ಳುವಾಗ ಮೈ ಇಷ್ಟು ಹಗುರಾಗುತ್ತದೆಂದು ಯಾವ ಚರ್ಚಾಕೂಟವೂ ನನಗೆ ಕಲಿಸಿರಲಿಲ್ಲ. ಭಾಗ್ಯಳ ಗುತ್ತಿಗೆ ಮುಂದುವರಿಯಿತು. ನಮ್ಮ ದಾಖಲೆಯಲ್ಲಿ ತವರು ಮತ್ತು ಗಂಡನ ಊರು ಎಂಬ ಎರಡು ಕಾಲಂಗಳು ಹೊಸದಾಗಿ ಬಂದವು.

ಮುಂದಿನ ವರ್ಷ ಸಿಸ್ಟರ್ ನಿವೃತ್ತರಾದರು. ಕೇಂದ್ರದಲ್ಲಿ ಅವರ ಮೇಜಿಗೆ ಭಾಗ್ಯ ಬಂದಳು. ನೆನಪಿಗೆ ಸ್ಕೇಲನ್ನು ಬಿಟ್ಟುಹೋಗಿ ಎಂದು ಭಾಗ್ಯ ಕೇಳಿದ್ದಕ್ಕೆ, "ಇದು ಗೌರ್ಮೆಂಟ್ದಲ್ಲ ಕಣೇ, ನಂದು. ಅಂಗ್ಡೀಲಿ ಸಿಗ್ತದೆ, ತಗೋ ಹೋಗು," ಎಂದು ಕೊಡೆಯೊಳಗೆ ತೂರಿಸಿಕೊಂಡು ಹೊರಟೇಬಿಟ್ಟರು.

ಕೊನೆಯ ಬಾರಿ ಅವರನ್ನು ನೋಡಿದ್ದು ಅದೇ ಕೇಂದ್ರದಲ್ಲಿ, ಒಂದು ಗುರುವಾರ, ಕಾಯುವವರ ಬೆಂಚಿನ ಮೇಲೆ. ಮಡಿಲಲ್ಲಿ ಒಂದೂವರೆ ತಿಂಗಳ ಮೊಮ್ಮಗಳು, ಪಕ್ಕದಲ್ಲಿ ಮಗಳು. ಚೊಚ್ಚಲು. ಭಾಗ್ಯ ತಲೆ ತಗ್ಗಿಸಿ ರಿಜಿಸ್ಟರು ತೆರೆದು, ಅಭ್ಯಾಸಬಲದಿಂದ ಆ ಮಗಳನ್ನು ಕೇಳಿದಳು: "ತವರು ಯಾವೂರವ್ವಾ?"

"ನಾನೇ ಕಣೇ ತವರು, ಇಲ್ಲೇ ಕೂತಿದೀನಿ!" ಎಂದು ಸಿಸ್ಟರ್ ನಕ್ಕ ನಗೆಗೆ ಮಗು ಬೆಚ್ಚಿತು.

ಅಳಿಯನ ಮನೆ ತಿ. ನರಸೀಪುರದಲ್ಲಿ. ಮಗಳು ಶಾಲೆಗೆ ಹೋಗುವ ಟೀಚರು. ಮಗುವನ್ನು ನೋಡಿಕೊಳ್ಳಲು ಐದನೇ ತಿಂಗಳಿಗೆ ಸಿಸ್ಟರೂ ಜೊತೆಗೆ ಹೊರಡುವವರಿದ್ದರು. ಹೋಗುವ ಮುನ್ನ ನನ್ನ ಮೇಜಿನ ಬಳಿ ನಿಂತು, ಮಗುವಿನ ಕಾರ್ಡನ್ನು ಸ್ಕೇಲಿನ ತುದಿಯಿಂದ ನನ್ನತ್ತ ತಳ್ಳಿ, "ನಂಬರು ನೋಡ್ಕಳಿ. ಇವಳು ಅಲ್ಲಿಗೆ ಹೋದ್ಮೇಲೆ ನಿಮ್ಮ ಗೆರೇಲಿ ಇರ್ತಾಳಾ, ಇಲ್ವಾ?" ಎಂದರು.

"ಇರುತ್ತಾಳೆ ಸಿಸ್ಟರ್."

"ನೋಡಣ," ಎಂದು ಹೊರಟರು. ಹೊರಗೆ ಹನಿ ಬೀಳುತ್ತಿತ್ತು. ಮೊದಲು ಸ್ಕೇಲು ತೆಗೆದರು, ಆಮೇಲೆ ಕೊಡೆ ಬಿಚ್ಚಿ ಮಗುವಿನ ಮೇಲೆ ಹಿಡಿದರು.

ಎಂಟು ತಿಂಗಳಾದ ಮೇಲೆ, ಒಂದು ಶುಕ್ರವಾರ, ನರಸೀಪುರದ ದಾಖಲೆಗಳು ಬಂದಾಗ ಆ ಸಂಖ್ಯೆಯನ್ನು ಹುಡುಕಿದೆ. ಹಿಂದಿನ ದಿನದ ತಾರೀಖಿನ ಎದುರು ದಡಾರದ ಲಸಿಕೆ ದಾಖಲಾಗಿತ್ತು. ಭಾಗ್ಯಳ ಕೇಂದ್ರದ ಕೆಂಪು ಗೆರೆ ಒಂದು ಮಗುವಿನಷ್ಟು ಏರಿತ್ತು. ನಾನು ಅಂಗೈಯಿಂದ ಪರದೆಯ ಎಡಭಾಗವನ್ನು ಮುಚ್ಚಿದೆ. ಪುಟ್ಟಮ್ಮಣ್ಣಿ ಸಿಸ್ಟರ್ ಆ ಕೇಂದ್ರದಲ್ಲಿದ್ದ ತಿಂಗಳುಗಳೆಲ್ಲ ಮರೆಯಾದವು. ಗೆರೆ ಮಾತ್ರ ಇದ್ದ ಎತ್ತರದಿಂದಲೇ ಮುಂದುವರಿದಿತ್ತು.